ಎಕ್ಸ್ ಆಮೇಲೆ, ಮೊದಲು ಒಂದು ತಪ್ಪು ಉತ್ತರ: ಹೇಳಿಕೆ ಲೆಕ್ಕ ಕಲಿಸಿದ ನನ್ನ ಅನುಭವ

ಹೇಳಿಕೆ ಲೆಕ್ಕಕ್ಕೆ, ಅಂದರೆ ಮಾತಿನಲ್ಲಿ ಕೊಟ್ಟ ಲೆಕ್ಕಕ್ಕೆ, ಮೊದಲೇ ಎಕ್ಸ್ ಹಾಕಿಸಬೇಡಿ. ಹುಡುಗರಿಂದ ಒಂದು ತಪ್ಪು ಉತ್ತರ ಹೇಳಿಸಿ, ಅದನ್ನೇ ಲೆಕ್ಕದೊಳಗೆ ಹಾಕಿ ಕೊನೆತನಕ ಪರೀಕ್ಷೆ ಮಾಡಿಸಿ, ಆಮೇಲೆ ಆ ಉತ್ತರ ಇದ್ದ ಜಾಗದಲ್ಲಿ ಎಕ್ಸ್ ಬರೆಸಿ. ನಾನು ಮಾಡಿದ್ದು ಇಷ್ಟೇ. ನಾಲ್ಕು ವರ್ಷದ ಹಿಂದೆ ಇದನ್ನು ಹೇಳಿದಾಗ ಕಲಬುರಗಿಯಲ್ಲಿ ನನ್ನ ಜೊತೆ ಟ್ಯೂಷನ್ ನಡೆಸುವವರೆಲ್ಲ ನಕ್ಕರು. "ಹುಡುಗರಿಗೆ ಅಂದಾಜು ಹೊಡೆಯೋದು ಕಲಸ್ಲಕತ್ತೀರೇನ್ರಿ ಸರ್?" ಅಂತ ಒಬ್ಬರು ಚಹಾ ಅಂಗಡಿಯಲ್ಲಿ ಎಲ್ಲರ ಮುಂದೆ ಕೇಳಿದರು. ಈಗ ಅವರ ಮಗಳೇ ನನ್ನ ಬ್ಯಾಚಿನಲ್ಲಿದ್ದಾಳೆ. ಅದಕ್ಕೇ ಬರೀತಾ ಇದ್ದೀನಿ.

ನನ್ನದು ಸೇಡಂ ರಸ್ತೆ ಕಡೆ ಒಂದು ಬಾಡಿಗೆ ಕೋಣೆ. ಸಂಜೆ ಎಸ್ಸೆಸ್ಸೆಲ್ಸಿ ಹುಡುಗರು, ಬೆಳಿಗ್ಗೆ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಪೊಲೀಸ್ ಪರೀಕ್ಷೆಗೆ ಓದುವವರು. ನಮ್ಮ ಕಡೆಯ ಫಲಿತಾಂಶ ನಿಮಗೆ ಗೊತ್ತೇ ಇದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ರಾಜ್ಯಕ್ಕೆ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಗಣಿತದಲ್ಲಿ ಹುಡುಗರು ನಕ್ಷೆ ಬಿಡಿಸುತ್ತಾರೆ, ಪ್ರಮೇಯ ಬಾಯಿಪಾಠ ಮಾಡುತ್ತಾರೆ. ಹೇಳಿಕೆ ಲೆಕ್ಕ ಬಂದರೆ ಮಾತ್ರ ಆ ಜಾಗ ಖಾಲಿ. ಸಮೀಕರಣ ಕೊಟ್ಟರೆ ಬಿಡಿಸುವ ಹುಡುಗನೇ, ಅದನ್ನು ಮಾತಿನಲ್ಲಿ ಕೊಟ್ಟರೆ ಪೆನ್ನು ಕೆಳಗೆ ಇಡುತ್ತಾನೆ.

ಮೊದಲು ಸೋತ ಕಥೆ ಹೇಳುತ್ತೇನೆ. ಆಗ ನನಗೊಬ್ಬ ಪಾಲುದಾರ ಗೆಳೆಯ ಇದ್ದ. ಈಗಿನ ಹುಡುಗರಿಗೆ ಪರದೆ ಮೇಲೆ ತೋರಿಸಬೇಕು ಅಂದ. ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ತಂದೆವು, 22 ಸಾವಿರ, ಪೂರ್ತಿ ನನ್ನ ದುಡ್ಡು. ಕಾಕಾನ ಹತ್ತಿರ ಕೈಗಡ ತಂದಿದ್ದು. ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲಿಗೆ ಕರೆಂಟು ಯಾವಾಗ ಹೋಗುತ್ತೆ ಅಂತ ಹೇಳಕ್ಕಾಗಲ್ಲ, ಅರ್ಧ ಲೆಕ್ಕಕ್ಕೆ ಪರದೆ ಕಪ್ಪು. ಆಮೇಲೆ ಶಾರ್ಟ್‌ಕಟ್ ಸೂತ್ರಗಳ ಪುಸ್ತಿಕೆ. 500 ಪ್ರತಿ ಹೊಡೆಸಿದೆ, 16 ಸಾವಿರದ ಹತ್ತಿರ ಆಯಿತು. ನಲವತ್ತು ರೂಪಾಯಿಗೆ ಒಂದರಂತೆ 140 ಮಾರಾಟ ಆಗಿರಬಹುದು. ಉಳಿದದ್ದರ ಹಿಂಭಾಗ ಖಾಲಿ ಇತ್ತು, ಎರಡು ವರ್ಷ ಹುಡುಗರು ಅದರ ಮೇಲೆ ರಫ್ ವರ್ಕ್ ಮಾಡಿದರು. ವಿಡಿಯೋಗೂ ಐದು ಸಾವಿರ ಹೋಯಿತು. ಎಲ್ಲ ಸೇರಿ ಹೆಚ್ಚೂ ಕಡಿಮೆ 38 ಸಾವಿರ ನೀರಿಗೆ. ತಿಂಗಳಿಗೆ 500 ಫೀಸು ತಗೊಳ್ಳುವವನಿಗೆ ಅದು ಸಣ್ಣ ಮೊತ್ತ ಅಲ್ಲ.

ದುಡ್ಡು ಹೋಗಿದ್ದಕ್ಕಿಂತ ಆ ಪುಸ್ತಿಕೆ ಮಾಡಿದ ಹಾಳು ಜಾಸ್ತಿ. ಒಂದು ಕೆಲಸಕ್ಕೆ ಒಬ್ಬನಿಗೆ 12 ದಿನ, ಇನ್ನೊಬ್ಬನಿಗೆ 18 ದಿನ, ಸೇರಿ ಮಾಡಿದರೆ ಎಷ್ಟು ದಿನ? ಪುಸ್ತಿಕೆಯ ಸೂತ್ರ: ಗುಣಿಸಿ, ಕೂಡಿಸಿದ್ದರಿಂದ ಭಾಗಿಸು. 216 ಭಾಗ 30, 7.2 ದಿನ. ಇದು ಹೆಚ್ಚೂ ಕಡಿಮೆ ಎಲ್ಲರೂ ಟಕ್ಕನೆ ಹೇಳಿದರು. ಅದೇ ಲೆಕ್ಕದಲ್ಲಿ ಮೂರು ದಿನ ಆದಮೇಲೆ ಮೊದಲನೆಯವನು ಬಿಟ್ಟು ಹೋದ ಅಂತ ಒಂದು ಸಾಲು ಸೇರಿಸಿ ನೋಡಿ. 7.2ರಲ್ಲಿ 3 ಕಳೆದು 4.2 ಅಂತ ಬರೆದವರೇ ಇಡೀ ತರಗತಿ. ಬಿಟ್ಟು ಹೋದಮೇಲೆ ಕೆಲಸ ನಿಧಾನ ಆಗುತ್ತೆ ಅನ್ನೋದು ಗೊತ್ತಿಲ್ಲದ ಹುಡುಗರಲ್ಲ ಅವರು. ಮನೆಯಲ್ಲಿ ತೊಗರಿ ರಾಶಿ ಮಾಡಿದವರು. ಸೂತ್ರ ಬಂತು, ತಲೆ ಹೋಯಿತು.

ದಾರಿ ಸಿಕ್ಕಿದ್ದು ನನ್ನ ಜಾಣತನದಿಂದ ಅಲ್ಲ. ಒಂದು ಸಂಜೆ ಕರೆಂಟು ಹೋಗಿತ್ತು. ವಯಸ್ಸಿನ ಲೆಕ್ಕ ಹಾಕಿದ್ದೆ. ಆರು ವರ್ಷದ ಹಿಂದೆ ಅವ್ವನ ವಯಸ್ಸು ಮಗಳ ವಯಸ್ಸಿನ 5 ಪಟ್ಟು, ಇನ್ನು 12 ವರ್ಷಕ್ಕೆ 2 ಪಟ್ಟು ಆಗುತ್ತೆ, ಈಗ ಎಷ್ಟು? ಹಿಂದಿನ ಸಾಲಿನ ಹುಡುಗ ತಪ್ಪಿಸಿಕೊಳ್ಳೋಕೆ ಸುಮ್ನೆ "ಮಗಳಿಗೆ ಹತ್ತು ಸರ್" ಅಂದ. ಸಿಟ್ಟು ಬಂತು. ಬಯ್ಯುವ ಬದಲು, ಸರಿ, ಹತ್ತೇ ಇರಲಿ, ತೋರಿಸು ಅಂದೆ. ಆರು ವರ್ಷದ ಹಿಂದೆ ಮಗಳು 4, ಅವ್ವ 20. ಈಗ ಅವ್ವ 26. ಹನ್ನೆರಡು ವರ್ಷ ಬಿಟ್ಟು ಮಗಳು 22, ಅವ್ವ 38. ಎರಡು ಪಟ್ಟು ಆಗೋಕೆ 44 ಬೇಕಿತ್ತು, 6 ಕಡಿಮೆ ಬಿತ್ತು. ಅಷ್ಟರಲ್ಲಿ ಪಕ್ಕದವನು "ಹನ್ನೊಂದು ಹಾಕ್ರಿ ಸರ್" ಅಂದ. ಅವ್ವ 43 ಬಂತು, ಬೇಕಾದದ್ದು 46, ಕಡಿಮೆ ಬಿದ್ದದ್ದು 3. ನಾನು ಬಾಯಿ ತೆಗೆಯುವ ಮೊದಲೇ ಮೂರ್ನಾಲ್ಕು ಜನ ಹನ್ನೆರಡು ಅಂತ ಕೂಗಿದರು. ಕತ್ತಲೆಯಲ್ಲಿ.

ಹೆಜ್ಜೆಗಳೆಲ್ಲ ಅವರೇ ಹಾಕಿದ್ದರು, ಉತ್ತರದ ಜಾಗ ಮಾತ್ರ ಬದಲಾಗುತ್ತಿತ್ತು. ಮಾರನೇ ದಿನ ಅದೇ ಹೆಜ್ಜೆಗಳನ್ನು ಹಲಗೆ ಮೇಲೆ ಬರೆದು, 10 ಇದ್ದ ಕಡೆಯೆಲ್ಲ ಒರೆಸಿ ಎಕ್ಸ್ ಹಾಕಿದೆ. 5(ಎಕ್ಸ್ − 6) + 18 = 2(ಎಕ್ಸ್ + 12). ಆ 18 ಅಂದರೆ ಹಿಂದಿನ 6, ಮುಂದಿನ 12 ಸೇರಿ. ಇದು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಬಿಡಿಸಿದರೆ 3ಎಕ್ಸ್ = 36. ಒಂದು ಹುಡುಗಿ ಮಾತ್ರ ಆ 3 ನಿನ್ನೆ ಒಂದೊಂದು ವರ್ಷಕ್ಕೆ ಕಡಿಮೆ ಆಗುತ್ತಿದ್ದ 3 ಅಲ್ವಾ ಅಂತ ಕೇಳಿದಳು. ಹೌದು. ಹದಿನಾಲ್ಕು ವರ್ಷ ಪಾಠ ಮಾಡಿದ ನನಗೆ ಅದು ಆವತ್ತೇ ಕಂಡದ್ದು.

ಅಲ್ಲಿಂದ ಪ್ರತಿ ಲೆಕ್ಕಕ್ಕೂ ಮೂರು ಮನೆ ಹಾಕಿಸಲು ಶುರು ಮಾಡಿದೆ: ಹಿಂದೆ, ಈಗ, ಮುಂದೆ. ಎರಡು ತಪ್ಪು ಉತ್ತರ ಕಡ್ಡಾಯ. ಮೂರನೇ ಸಾಲಿನಲ್ಲಿ ಎಕ್ಸ್. ಮೊದಲ ಸಲವೇ ಸರಿ ಉತ್ತರ ಬಂದವನಿಗೆ ಶಿಕ್ಷೆ, ಇನ್ನೆರಡು ತಪ್ಪು ಉತ್ತರ ಮಾಡಿ ತೋರಿಸಬೇಕು.

ಪೋಷಕರಿಂದ ಬೈಗುಳ ತಿಂದೆ. ನೋಟ್‌ಬುಕ್ಕಿನ ತುಂಬಾ ತಪ್ಪು ಉತ್ತರ, ಅದಕ್ಕೆ ಸರ್ ಟಿಕ್ ಬೇರೆ ಹಾಕಿದ್ದಾರೆ ಅಂತ ಒಬ್ಬ ತಂದೆ ಬಂದು ಕೂತರು. ಇಬ್ಬರು ಹುಡುಗರು ಬಿಟ್ಟು ಹೋದರು. ಪಾಲುದಾರನೂ ಅದೇ ತಿಂಗಳು ಹೊರಟ.

ನಿಜವಾದ ಪೆಟ್ಟು ಬಿದ್ದದ್ದು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ. ಎರಡು ಊಹೆ ಮಾಡಿ, ಅಂತರ ನೋಡಿ, ಉತ್ತರಕ್ಕೆ ಹಾರುವುದು ಹುಡುಗರಿಗೆ ಎಷ್ಟು ರುಚಿ ಹತ್ತಿತು ಅಂದರೆ ಎಕ್ಸ್ ಕಡೆ ತಿರುಗಿಯೂ ನೋಡಲಿಲ್ಲ. ಪತ್ರಿಕೆಯಲ್ಲಿ ಬರೀ ಉತ್ತರ ಬರೆದು ಬಂದರು. ಉತ್ತರ ಸರಿ, ಅಂಕ 4ಕ್ಕೆ 1. ತಪ್ಪು ನನ್ನದೇ. ಈಗ ಎಸ್ಸೆಸ್ಸೆಲ್ಸಿ ಹುಡುಗರಿಗೆ ಹಾರುವುದನ್ನು ಡಿಸೆಂಬರ್ ತನಕ ತೋರಿಸುವುದಿಲ್ಲ. ಊಹೆ ರಫ್ ಕಾಲಂನಲ್ಲಿ ಮಾತ್ರ, ಉತ್ತರ ಪತ್ರಿಕೆ "ಮಗಳ ಈಗಿನ ವಯಸ್ಸು ಎಕ್ಸ್ ಇರಲಿ" ಅಂತಲೇ ಶುರುವಾಗಬೇಕು. ಬೆಳಗಿನ ಬ್ಯಾಚಿನವರಿಗೆ ಹಂತ ಬೇಡ, ಸರಿ ಉತ್ತರದ ವೃತ್ತ ತುಂಬಿದರೆ ಸಾಕು, ಅವರು ಮೊದಲ ದಿನದಿಂದಲೇ ಹಾರುತ್ತಾರೆ. ಅವರೂ ಒಂದು ಕಡೆ ಬೀಳುತ್ತಾರೆ. ಪಕ್ಕಪಕ್ಕದ ಎರಡು ಸಂಖ್ಯೆಗಳ ಗುಣಲಬ್ಧ 306 ಅಂತ ಕೊಡಿ. 10 ಹಿಡಿದರೆ 110, 11 ಹಿಡಿದರೆ 132, ಮೆಟ್ಟಿಲಿಗೆ 22. ಆ ಲೆಕ್ಕದಲ್ಲಿ ಹಾರಿದರೆ 19ರ ಹತ್ತಿರ ಹೋಗಿ ಕೂರುತ್ತಾರೆ. ಸರಿ ಉತ್ತರ 17, 18. ವರ್ಗ ಸಮೀಕರಣದಲ್ಲಿ ಮೆಟ್ಟಿಲು ಒಂದೇ ಎತ್ತರ ಇರಲ್ಲ ಅಂತ ಇಲ್ಲಿ ಬಿದ್ದು ಕಲಿತರೇ ನೆನಪು ಉಳಿಯುತ್ತೆ.

ಅಂಕಿ ಅದಲು ಬದಲು ಲೆಕ್ಕಕ್ಕೆ ಊಹೆ ಮಾತ್ರ ಸಾಲಲಿಲ್ಲ. ಎರಡಂಕಿ ಸಂಖ್ಯೆಯನ್ನು 10ಎಕ್ಸ್ ಕೂಡಿಸು ವೈ ಅನ್ನುವ ಬದಲು ಎಕ್ಸ್ ಕೂಡಿಸು ವೈ ಅಂತ ಬರೆಯುವ ರೋಗ ಹೋಗಲೇ ಇಲ್ಲ. ನಮ್ಮ ಕಡೆ ಅಂಗಡಿಯವರು ಹತ್ತರ ನಾಣ್ಯ ತಗೊಳ್ಳಲ್ಲ ಅಲ್ವಾ, ಮನೆಯಲ್ಲಿ ಒಂದು ಡಬ್ಬಿ ತುಂಬಾ ಬಿದ್ದಿದ್ದವು. ತಂದು ಹರಡಿದೆ. 36 ಅಂದರೆ ಮೂರು ಹತ್ತರವು, ಆರು ಒಂದರವು. ಅದಲು ಬದಲು ಮಾಡು, 63. ಒಂದರ ನಾಣ್ಯ ತೆಗೆದು ಹತ್ತರದ್ದು ಇಟ್ಟರೆ ಪ್ರತಿ ಸಲ 9 ರೂಪಾಯಿ ಲಾಭ. ಅಂಕಿಗಳ ಮೊತ್ತ 9, ಅದಲು ಬದಲು ಮಾಡಿದರೆ 27 ಹೆಚ್ಚು ಅಂತ ಬಂದರೆ ಈಗ ಹುಡುಗರು 27ರಲ್ಲಿ ಮೂರು ಒಂಬತ್ತು, ಹಾಗಾದ್ರೆ ಅಂಕಿಗಳ ನಡುವೆ 3 ಅಂತರ ಅನ್ನುತ್ತಾರೆ. ಡಬ್ಬಿಯಲ್ಲಿ ನಾಲ್ಕೈದು ನಾಣ್ಯ ಕಡಿಮೆ ಆಗಿವೆ, ಯಾರು ಚಲಾಯಿಸಿದರೋ, ಎಲ್ಲಿ ಚಲಾಯಿಸಿದರೋ.

ಕೆಲಸದ ಲೆಕ್ಕಕ್ಕೆ ಲಸಾಅ (12, 18 ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, ಅಂದರೆ 36) ನೀವೂ ಬಳಸುತ್ತೀರಿ. ನಾನು ಅದಕ್ಕೆ ಫರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಅಂತ ಹೆಸರಿಟ್ಟೆ, ಅಷ್ಟೇ ವ್ಯತ್ಯಾಸ. ಶಹಾಬಾದ್ ಕಲ್ಲು ಹಾಸಿದ ಮನೆಯಲ್ಲಿ ಬೆಳೆದವರಿಗೆ "ಕೆಲಸದ 36ನೇ ಒಂದು ಭಾಗ" ಅಂದರೆ ಏನೂ ಕಾಣಲ್ಲ, 36 ಫರಸಿ ಅಂದರೆ ಕಾಣುತ್ತೆ. 12 ದಿನದವನು ದಿನಕ್ಕೆ 3 ಹಾಸುತ್ತಾನೆ, 18 ದಿನದವನು 2. ಮೂರು ದಿನ ಇಬ್ಬರೂ ಸೇರಿ 15 ಹಾಸಿದರು, ಒಬ್ಬ ಹೋದ, ಉಳಿದ 21 ಫರಸಿಗೆ ಹತ್ತೂವರೆ ದಿನ. ಹಳೇ 4.2 ಎಲ್ಲಿ, ಇದೆಲ್ಲಿ. ಸೂತ್ರದ ಕಾಲದಲ್ಲಿ 12 ಮತ್ತು 18 ಕೂಡಿಸಿ 30 ದಿನ ಅಂತ ಬರೆದ ಹುಡುಗನ ಅಪ್ಪ ಗೌಂಡಿ. ಫರಸಿ ಅಂದ ಮೇಲೆ ಅವನೇ ಬೇರೆಯವರಿಗೆ "ಇಬ್ರು ಹಚ್ಚಿದ್ರ ದಿನ ಹೆಂಗ ಹೆಚ್ಚಾಗ್ತಾವೋ?" ಅಂತ ಬೈತಾ ಇದ್ದ.

ಇದನ್ನು ನಿಜವಾಗಿ ನೋಡೋಣ ಅನಿಸಿ ನನ್ನ ಕೋಣೆಯ ನೆಲ ಮಾಡಿಸುವಾಗ ಇಬ್ಬರು ಗೌಂಡಿಗಳನ್ನು ಬೇರೆ ಬೇರೆ ಕೇಳಿದೆ. ಒಬ್ಬರು ನಾಲ್ಕು ದಿನ ಅಂದರು, ಇನ್ನೊಬ್ಬರು ಆರು. ಪುಸ್ತಕದ ಪ್ರಕಾರ ಸೇರಿ 2.4 ದಿನ. ಹಿಡಿದದ್ದು ಹತ್ತಿರ ಹತ್ತಿರ ನಾಲ್ಕು. ಸಿಮೆಂಟ್ ಕಲಸುವ ಆಳು ಒಬ್ಬನೇ ಇದ್ದ, ಇಬ್ಬರೂ ಅವನಿಗೆ ಕಾಯುತ್ತಾ ಕೂತರು. ಪುಸ್ತಕದ ಗೌಂಡಿಗಳು ಚಹಾ ಕುಡಿಯೋದಿಲ್ಲ, ಅದೂ ಒಂದು. ಎರಡು ಆಳಿನ ನಾಲ್ಕು ದಿನದ ಪಗಾರ ಕೊಟ್ಟೆ. ದುಡ್ಡು ದಂಡ ಆಯಿತು, ಆದರೆ ಆ ಲೆಕ್ಕವನ್ನು ಈಗಲೂ ತರಗತಿಯಲ್ಲಿ ಹೇಳುತ್ತೇನೆ.

ಭಾಷೆಯ ವಿಷಯ. "ಮೂರು ಪಟ್ಟಿಗಿಂತ 5 ಹೆಚ್ಚು" ಮತ್ತು "5 ಹೆಚ್ಚಿಸಿದಾಗ ಮೂರು ಪಟ್ಟು", ಈ ಎರಡರ ನಡುವೆ ಹುಡುಗರು ಸಾಯುತ್ತಾರೆ. ಆವರಣ ಎಲ್ಲಿ ಹಾಕಬೇಕು ಅಂತ ವ್ಯಾಕರಣ ಹೇಳಿದೆ, ತಲೆಗೆ ಹೋಗಲಿಲ್ಲ. 10 ಹಾಕಿಸಿದೆ. ಒಂದರಲ್ಲಿ 35, ಇನ್ನೊಂದರಲ್ಲಿ 45. ಆಮೇಲೆ ಆವರಣ ತಾನೇ ಬಂತು. ಇನ್ನು "ಒಂದೂವರೆ ಪಟ್ಟು" ಅಂದರೆ ಪಿಳಿಪಿಳಿ ನೋಡುವ ಹುಡುಗ "ದೀಡ್ ಪಟ್ಟು" ಅಂದ ಕೂಡಲೇ ಬರೆಯುತ್ತಾನೆ. ಮನೆಯಲ್ಲಿ ಉರ್ದುವೋ ಮರಾಠಿಯೋ ತೆಲುಗೋ ಆಡುವವರು ಅರ್ಧಕ್ಕರ್ಧ. ಅದಕ್ಕೇ ವಾರಕ್ಕೊಂದು ದಿನ ಲೆಕ್ಕದ ಅಂಕಿಗಳ ಮೇಲೆ ಪಟ್ಟಿ ಅಂಟಿಸಿ ಕೊಡುತ್ತೇನೆ. ಅಂಕಿ ಇಲ್ಲದೆ, ಏನು ನಡೀತು ಅಂತ ಮನೆ ಭಾಷೆಯಲ್ಲಿ ಹೇಳಬೇಕು. ಕಂಡ ಎರಡು ಅಂಕಿ ಹಿಡಿದು ಗುಣಿಸುವ ಚಟ ಅಲ್ಲಿಗೆ ನಿಂತಿತು.

ಯಾದಗಿರಿಯಲ್ಲಿ ಮಾತ್ರ ನೆಲಕಚ್ಚಿದೆ. ಗೆಳೆಯರೊಬ್ಬರ ಬ್ಯಾಚಿಗೆ ಭಾನುವಾರ ಭಾನುವಾರ ವಾಡಿ ಮೇಲಿನ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ತೊಂಬತ್ತು ಹುಡುಗರು. ಪ್ರತಿಯೊಬ್ಬನ ಊಹೆಯನ್ನು ಕೊನೆತನಕ ನೋಡದಿದ್ದರೆ ಈ ಪದ್ಧತಿ ಬರೀ ಗದ್ದಲ. ಆರು ವಾರಕ್ಕೆ ಬಿಟ್ಟೆ. ನನ್ನ ಅಂದಾಜಿಗೆ ನಲವತ್ತು ದಾಟಿದರೆ ಇದು ನಡೆಯಲ್ಲ.

ಇಲ್ಲಿ ನಡೆದದ್ದು ಹೀಗೆ. 38 ಜನರ ಬ್ಯಾಚು. ಜೂನ್‌ನಲ್ಲಿ ಐದು ಹೇಳಿಕೆ ಲೆಕ್ಕ ಕೊಟ್ಟಾಗ ಮೂರಕ್ಕಾದರೂ ಸಮೀಕರಣ ಬರೆದವರು ಆರೋ ಏಳೋ. ಜನವರಿಯಲ್ಲಿ ಅದೇ ಮಟ್ಟದ ಐದಕ್ಕೆ 25, 26 ಜನ. ಖರ್ಚು? ಸೀಮೆಸುಣ್ಣ.

ಊಹೆ ಅಂತ ಮೂಗು ಮುರಿಯುವವರಿಗೆ ಒಂದು ಮಾತು. ಒಂದು ಇಷ್ಟಸಂಖ್ಯೆ ಹಿಡಿದು ಲೆಕ್ಕ ನಡೆಸಿ, ಬಂದದ್ದರಿಂದ ಸರಿ ಉತ್ತರಕ್ಕೆ ಹೋಗುವುದನ್ನು ಇಷ್ಟಕರ್ಮ ಅಂತ 12ನೇ ಶತಮಾನದಲ್ಲೇ ಭಾಸ್ಕರಾಚಾರ್ಯ ಹೇಳಿದ್ದಾನೆ. ಹೇಳಿಕೆ ಲೆಕ್ಕಗಳನ್ನು ರಾಶಿ ರಾಶಿ ಕಟ್ಟಿದ ಮಹಾವೀರಾಚಾರ್ಯ ಅದಕ್ಕೂ ಮುಂಚೆ, 9ನೇ ಶತಮಾನದವನು, ಅಮೋಘವರ್ಷನ ಕಾಲದವನು. ಆ ಅಮೋಘವರ್ಷನ ರಾಜಧಾನಿ ಮಾನ್ಯಖೇಟ ಅಂದರೆ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ. ನನ್ನ ಕೋಣೆ ಮುಂದಿನ ರಸ್ತೆ ಹಿಡಿದರೆ ಬಸ್ಸಿಗೆ ಒಂದು ತಾಸು. ಆ ಊರಿನ ಹುಡುಗ ಒಬ್ಬ ಬ್ಯಾಚಿನಲ್ಲಿದ್ದ, ಇದನ್ನು ಹೇಳಿದ ದಿನ ಅವನ ಗತ್ತೇ ಬೇರೆ. ಲೆಕ್ಕ ಮಾತ್ರ ಆವತ್ತೂ ತಪ್ಪೇ ಮಾಡಿದ.

ದೋಣಿ, ಪ್ರವಾಹದ ಲೆಕ್ಕ ಇನ್ನೂ ಕೈಗೆ ಹತ್ತಿಲ್ಲ. ಬೇಸಿಗೆಯಲ್ಲಿ ಭೀಮಾ ನದಿ ನೋಡಿದವರಿಗೆ ಪ್ರವಾಹದ ವಿರುದ್ಧ ದೋಣಿ ಅಂದರೆ ನಗು ಬರುತ್ತೆ. ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನ ಸಂಜೆ ಗದ್ದಲದಲ್ಲಿ ಎದುರು ನಡೆಯುವುದು ಅಂತ ಹೇಳಿ ನೋಡಿದೆ, ಅರ್ಧ ಕೆಲಸ ಆಯಿತು.

ಒಂದು ವಿಷಯ ಬೇಕಂತಲೇ ಬಿಟ್ಟಿದ್ದೇನೆ. ಮೊದಲ ಎರಡು ವಾರ ಕೊಡುವ 11 ಲೆಕ್ಕ, ಅವುಗಳ ಸರದಿ. ಆ ಸರದಿ ತಪ್ಪಿದರೆ ಊಹೆಯಿಂದ ಎಕ್ಸ್‌ಗೆ ಹುಡುಗರು ದಾಟಲ್ಲ. ಮೂರು ಬ್ಯಾಚು ಹಾಳು ಮಾಡಿಕೊಂಡು ಜೋಡಿಸಿದ್ದು, ಅದು ನನ್ನ ಹೊಟ್ಟೆಪಾಡು. ಕಳೆದ ತಿಂಗಳು ಆ ಹಳೇ ಪಾಲುದಾರ ಫೋನ್ ಮಾಡಿದ್ದ. ಅದು ಇದು ಮಾತಾಡಿ ಕೊನೆಗೆ ಆ ಹಾಳೆ ಕೇಳಿದ. ಪ್ರೊಜೆಕ್ಟರಿನ ಅರ್ಧ ದುಡ್ಡು 11 ಸಾವಿರ ಕೊಡು, ಲೆಕ್ಕಕ್ಕೆ ಸಾವಿರದಂತೆ ಆಗುತ್ತೆ ಅಂದೆ. ವಿಚಾರ ಮಾಡಿ ಹೇಳ್ತೀನಿ ಅಂದಿದ್ದಾನೆ.