ಪೆನ್ಸಿಲ್‌ಗೆ ಮೊದಲು ಅಂಚೆಯಣ್ಣನ ಚೀಲ

ಮೂರು ತುಂಬುತ್ತಿದ್ದಂತೆ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಅಕ್ಷರ ತಿದ್ದಿಸುವ ಅವಸರ ಬೇಡ. ನನ್ನ ಹಿರಿಯ ಮಗನ ವಿಷಯದಲ್ಲಿ ನಾನು ಆ ತಪ್ಪು ಮಾಡಿದೆ. ಅವನು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಭುಜದಿಂದಲೇ ಕೈಯಾಡಿಸುತ್ತಿದ್ದ. ಸ್ವಲ್ಪ ದಿನಗಳಲ್ಲಿ, ಪುಸ್ತಕ ತೆಗೆದರೆ ಸಾಕು, ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳತೊಡಗಿದ. ಹುಟ್ಟುವಾಗ ಮಗುವಿನ ಮಣಿಕಟ್ಟಿನಲ್ಲಿ ಇರುವುದು ಬರಿಯ ಮೃದ್ವಸ್ಥಿ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಅಲ್ಲಿನ 8 ಪುಟ್ಟ ಮೂಳೆಗಳು ಒಂದೊಂದಾಗಿ ಗಟ್ಟಿಗೊಳ್ಳುತ್ತ ಬಂದು, ಕೊನೆಯದು ಮೂಡುವ ಹೊತ್ತಿಗೆ ಮಗು ಶಾಲೆ ಸೇರಿ ಎಷ್ಟೋ ವರ್ಷವಾಗಿರುತ್ತದೆ. ಮಗಳ ಕಾಲಕ್ಕೆ ತಿದ್ದಿಸುವುದನ್ನು ಬಿಟ್ಟೆ. ಬದಲಿಗೆ ಅವಳ ಬೆರಳುಗಳಿಗೆ ಊರಿನ ಕೆಲಸ ಕೊಟ್ಟೆ: ಕಾಗದ ಹಂಚುವುದು, ಟಿಕೆಟ್ ಕತ್ತರಿಸುವುದು, ಅಂಗಡಿ ನಡೆಸುವುದು, ದಾರಿ ಬಿಡಿಸುವುದು. ಬೆರಳಿಗೆ ವ್ಯಾಯಾಮ ಮಾಡು ಎಂದರೆ ಯಾವ ಮಗುವೂ ಮಾಡುವುದಿಲ್ಲ. ಅಜ್ಜಿಗೆ ಕಾಗದ ತಲುಪಬೇಕು ಎಂದರೆ ತಾನಾಗಿಯೇ ಕುಳಿತು ಮಾಡುತ್ತದೆ.

ಅಂಚೆಯಾಟವೇ ನನಗೆ ಎಲ್ಲಕ್ಕಿಂತ ಮೆಚ್ಚು. ಮಗು ಗೀಚಿದ ಚಿತ್ರವನ್ನು ಅದೇ ಮಡಿಸಲಿ. ಅಂಚಿಗೆ ಅಂಚು ಕೂಡುವುದಿಲ್ಲ, ಕೂಡದಿದ್ದರೂ ನೀವು ಸರಿಪಡಿಸಬೇಡಿ. ಮಡಿಕೆಯ ಮೇಲೆ ಹೆಬ್ಬೆರಳ ಉಗುರನ್ನು ಒತ್ತಿ ಎಳೆಯುವುದನ್ನು ಮಾತ್ರ ಒಮ್ಮೆ ತೋರಿಸಿ ಕೊಡಿ. ಆಮೇಲೆ ಲಕೋಟೆಯ ಬಾಯಿ ಅಗಲಿಸಿ ಕಾಗದ ತೂರಿಸುವುದು, ಅಂಟುಚೀಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ಅಂಚೆಚೀಟಿಯ ಜಾಗದಲ್ಲಿ ಒತ್ತುವುದು. ಹಳೆಯ ಚೀಲವೊಂದಕ್ಕೆ ದೊಡ್ಡ ಗುಂಡಿ ಹೊಲಿದು, ಕಾಜವನ್ನು ಸ್ವಲ್ಪ ಸಡಿಲವಾಗಿಯೇ ಬಿಡಿ. ಒಂದು ಕೈ ಗುಂಡಿಯನ್ನು ತಳ್ಳಬೇಕು, ಅದೇ ಕ್ಷಣ ಇನ್ನೊಂದು ಕೈ ಆ ಕಡೆಯಿಂದ ಎಳೆದುಕೊಳ್ಳಬೇಕು. ಎರಡು ಕೈಗಳು ಎರಡು ಬೇರೆ ಕೆಲಸ ಮಾಡುವುದೇ ಈ ವಯಸ್ಸಿಗೆ ದೊಡ್ಡ ಸಾಹಸ. ನನ್ನ ಮಗಳು ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಆ ಗುಂಡಿ ಹಾಕುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕೈ ನಡೆಯುತ್ತಿರುವಾಗ ಮಾತೂ ನಡೆಯಲಿ. ಈ ಕಾಗದವನ್ನು ಯಾರು ಒಯ್ಯುತ್ತಾರೆ? ಮನೆ ಯಾವುದೆಂದು ಅವರಿಗೆ ಹೇಗೆ ತಿಳಿಯುತ್ತದೆ? ಮಳೆ ಬಂದರೆ ಏನು ಮಾಡುತ್ತಾರೆ? ಇನ್ನೊಬ್ಬರ ದುಡಿಮೆಯಿಂದ ನಮ್ಮ ದಿನ ನಡೆಯುತ್ತದೆ ಎಂಬುದು ಮಗುವಿಗೆ ಹೀಗೆ ಮಾತಿನ ನಡುವೆಯೇ ಹೊಳೆಯುತ್ತದೆ.

ಬಸ್ಸಿನ ಆಟಕ್ಕೆ ತುದಿ ಮೊಂಡಾದ ಪುಟ್ಟ ಕತ್ತರಿ ಬೇಕು. ಮೂರರ ಆಸುಪಾಸಿನ ಮಗುವಿಗೆ ಗೆರೆಯ ಮೇಲೆ ಕತ್ತರಿಸಲು ಬಾರದು, ಒಂದು ಸಲ ಕಚ್ಚಿಸಲು ಬರುತ್ತದೆ. ಆದ್ದರಿಂದ ದಪ್ಪ ಕಾಗದವನ್ನು ಬೆರಳಗಲದ ಪಟ್ಟಿ ಮಾಡಿ ಕೊಟ್ಟರೆ ಒಂದು ಕಚ್ಚಿಗೆ ಒಂದು ಟಿಕೆಟ್. ತೆಳು ಕಾಗದ ಬಗ್ಗಿ ಜಾರುವುದರಿಂದ ಮಗು ಬೇಗ ಕೈಚೆಲ್ಲುತ್ತದೆ. ಕತ್ತರಿ ಹಿಡಿದ ಕೈಯ ಹೆಬ್ಬೆರಳು ಮೇಲ್ಮುಖವಾಗಿರಲಿ, ಮೊಣಕೈ ಮೈಗೆ ಹತ್ತಿರವಿರಲಿ. ಎಡಗೈ ಮಗುವಾದರೆ ಎಡಗೈ ಕತ್ತರಿಯನ್ನೇ ತನ್ನಿ, ಕೈ ಬದಲಿಸುವಂತೆ ಒತ್ತಾಯಿಸಬೇಡಿ. ಸಾಲಿನಲ್ಲಿ ನಿಲ್ಲುವುದು, ತನ್ನ ಸರದಿಗೆ ಕಾಯುವುದು, ವಯಸ್ಸಾದವರಿಗೆ ಜಾಗ ಬಿಡುವುದು ಇವೆಲ್ಲ ಆ ಬಸ್ಸಿನಲ್ಲೇ ರೂಢಿಯಾಗುತ್ತವೆ.

ಮನೆಯ ನಕ್ಷೆ ಬಿಡಿಸುವಾಗ ಕಾಗದವನ್ನು ನೆಲದ ಮೇಲೆ ಹಾಸದೆ, ಮಗುವಿನ ಕಣ್ಣಿನ ಎತ್ತರಕ್ಕೆ ಗೋಡೆಗೆ ಅಂಟಿಸಿ. ಗೋಡೆಯ ಮೇಲೆ ಬರೆಯುವಾಗ ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗುತ್ತದೆ. ಮುಂದೆ ಬರವಣಿಗೆಗೆ ಬೇಕಾದ ಭಂಗಿಯೂ ಅದೇ. ಉದ್ದ ಕ್ರೇಯಾನ್ ಬೇಡ, ಮುರಿದ ಚೂರು ಕೊಡಿ. ಮುಷ್ಟಿಗೆ ಸಿಗದಷ್ಟು ಚಿಕ್ಕದಾದರೆ ಬೆರಳ ತುದಿಗಳಿಂದಲೇ ಹಿಡಿಯಬೇಕಾಗುತ್ತದೆ. ಮಾದರಿ ನೋಡಿ ವೃತ್ತ ಬರೆಯಲು ಸಾಮಾನ್ಯವಾಗಿ ಮೂರು ವರ್ಷ, ಅಡ್ಡ-ನೇರ ಗೆರೆಗಳ ಕೂಡುಗುರುತಿಗೆ ನಾಲ್ಕು, ಚೌಕಕ್ಕೆ ನಾಲ್ಕೂವರೆಯ ಆಚೀಚೆ, ತ್ರಿಕೋನಕ್ಕೆ ಐದು ಬೇಕು. ಹಾಗಾಗಿ ಮೊದಲ ನಕ್ಷೆಯಲ್ಲಿ ದುಂಡು ಮೇಜು, ಆಮೇಲೆ ದಾರಿ ಕೂಡುವ ಜಾಗ, ಆಮೇಲೆ ಕೋಣೆಗಳು. ಮನೆಯ ಚೂಪು ಸೂರು ಕಾಯಲಿ. ಬೀದಿಯನ್ನು ಗೆರೆ ಎಳೆಯುವ ಬದಲು ಅಂಟಿನ ಮೇಲೆ ದಾರ ಒತ್ತುತ್ತ ಹೋಗಲಿ.

ಮನೆಯವರ ಚಿತ್ರಗಳನ್ನು ದಾರಕ್ಕೆ ಬಟ್ಟೆ ಕ್ಲಿಪ್ಪಿನಿಂದ ಹಿರಿಯರಿಂದ ಕಿರಿಯರವರೆಗೆ ಸಾಲಾಗಿ ತೂಗುಹಾಕಿಸಿದರೆ ಹೆಬ್ಬೆರಳು, ತೋರುಬೆರಳುಗಳಿಗೆ ಒಳ್ಳೆಯ ಬಲ ಬರುತ್ತದೆ.

ಅಂಗಡಿಯಾಟದಲ್ಲಿ ನಾಲ್ಕೈದು ನಾಣ್ಯಗಳನ್ನು ಅಂಗೈಯಲ್ಲಿ ಹಿಡಿದು, ಇನ್ನೊಂದು ಕೈಯ ನೆರವಿಲ್ಲದೆ ಒಂದೊಂದನ್ನೇ ಬೆರಳ ತುದಿಗೆ ತಂದು ಡಬ್ಬಿಯ ಸೀಳಿಗೆ ಹಾಕುವುದು ಬಹಳ ನಾಜೂಕಿನ ಕೆಲಸ. ಆದರೆ ಇಲ್ಲಿ ನಾನು ಕಟ್ಟುನಿಟ್ಟು. ಮೂರು ತುಂಬದ ಮಗುವಿಗೆ, ಮೂರು ದಾಟಿದ್ದರೂ ಕಂಡದ್ದನ್ನೆಲ್ಲ ಬಾಯಿಗೆ ಹಾಕುವ ಮಗುವಿಗೆ, ನಾಣ್ಯ, ಗುಂಡಿ, ಮಣಿ ಯಾವುದನ್ನೂ ಕೊಡಬೇಡಿ. ಟಾಯ್ಲೆಟ್ ಕಾಗದ ಸುತ್ತಿ ಬರುವ ರಟ್ಟಿನ ಕೊಳವೆಯೊಳಗೆ ತೂರುವ ವಸ್ತು ಗಂಟಲಿಗೂ ಸಿಕ್ಕಬಲ್ಲದು ಎಂದು ತಿಳಿಯಿರಿ. ಅಂಥ ಮಕ್ಕಳಿಗೆ ಅಂಗೈಯಗಲದ ರಟ್ಟಿನ ನಾಣ್ಯ ಕತ್ತರಿಸಿ ಕೊಡಿ. ಗುಂಡಿಯಾಕಾರದ ಬ್ಯಾಟರಿಯಂತೂ ಆಟದ ಹತ್ತಿರ ಸುಳಿಯಲೇಬಾರದು. ನುಂಗಿದ ಅನುಮಾನ ಬಂದರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಕೈ ನಡುಗಿದರೆ, ಮಗು ಪದೇಪದೇ ಕೈ ಬದಲಿಸಿದರೆ ಬೆರಳು ದಣಿದಿವೆ ಎಂದರ್ಥ. ಅಲ್ಲಿಗೆ ನಿಲ್ಲಿಸಿ. ವರ್ಷ ತುಂಬುವ ಮೊದಲೇ ಒಂದು ಕೈಯನ್ನು ಮಾತ್ರ ಬಳಸಿ ಇನ್ನೊಂದನ್ನು ಮರೆತಂತಿರುವ ಮಗುವನ್ನು ವೈದ್ಯರಿಗೆ ತೋರಿಸಿ, ಬೆಳೆದಂತೆ ಸರಿಹೋಗುತ್ತದೆ ಎಂದು ಕಾಯಬೇಡಿ.

ಇನ್ನು ಆ ಕಾಗದವನ್ನು ನಿಜವಾಗಿಯೂ ಅಂಚೆಗೆ ಹಾಕಿ, ಉತ್ತರ ಬರೆಯುವಂತೆ ಆ ಕಡೆಯವರಿಗೆ ಹೇಳಿಡಿ. ಉತ್ತರ ಬಂದ ದಿನ ಲಕೋಟೆಯನ್ನು ಮಗುವೇ ಹರಿಯಲಿ. ಎರಡು ಕೈಯ ಚಿವುಟುಬೆರಳುಗಳು ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಎಳೆದರೆ ಮಾತ್ರ ಅದು ನೇರವಾಗಿ ಹರಿಯುತ್ತದೆ. ಒಳಗಿನ ಕಾಗದದ ಮೂಲೆಯೂ ಒಂದಿಷ್ಟು ಹರಿದೀತು, ಹರಿಯಲಿ ಬಿಡಿ.