ಗಿಲಕಿಯ ಆಕಾರಕ್ಕೂ ಹಕ್ಕುಂಟು: ವಿನ್ಯಾಸ ದಾಖಲೆ ಹುಡುಕುವುದು, ಅರ್ಜಿ ಹಾಕುವುದು ಹೇಗೆ?

ಚನ್ನಪಟ್ಟಣದ ಒಂದು ಘಟಕದವರು ಮರದ ಗಿಲಕಿಗೆ ಹೊಸ ರೂಪ ಕೊಟ್ಟಿದ್ದಾರೆ ಎಂದುಕೊಳ್ಳಿ. ಹಿಡಿ ನಡುವೆ ಸಣ್ಣಗಾಗಿದೆ, ತಲೆ ಒಂದರ ಮೇಲೊಂದು ಕೂತ ಮೂರು ಬಳೆಗಳಂತಿದೆ. ನಾಳೆ ಇದೇ ಆಕಾರವನ್ನು ಇನ್ನೊಬ್ಬರು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿಸಿ ಮಾರಿದರೆ ತಡೆಯಲು ಏನಿದೆ? ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಸೂಚಕ ಇದೆಯಲ್ಲ ಎನ್ನುವವರುಂಟು. ಅದು ಕಾಯುವುದು ಊರಿನ ಹೆಸರನ್ನು, ಈ ಗಿಲಕಿಯ ಮೈಕಟ್ಟನ್ನಲ್ಲ. ಪೇಟೆಂಟ್ ಸಿಗುವುದು ವಸ್ತು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ. ಕಣ್ಣಿಗೆ ಕಾಣುವ ರೂಪಕ್ಕೆ ಇರುವುದು ವಿನ್ಯಾಸ ಕಾಯ್ದೆ, 2000. ಅದು 2001ರ ಮೇ 11ರಿಂದ ಜಾರಿಯಲ್ಲಿದೆ.

ಈ ಕಾಯ್ದೆಯಡಿ ದಾಖಲೆ ಇಡುವುದು ಪೇಟೆಂಟ್, ವಿನ್ಯಾಸ ಮತ್ತು ಟ್ರೇಡ್‌ಮಾರ್ಕ್‌ಗಳ ಕಂಟ್ರೋಲರ್ ಜನರಲ್ ಅವರ ಕಚೇರಿ. ಅದರ ವಿನ್ಯಾಸ ವಿಭಾಗ ಕೋಲ್ಕತ್ತದಲ್ಲಿದೆ. ಚೆನ್ನೈ, ದೆಹಲಿ, ಮುಂಬೈ ಪೇಟೆಂಟ್ ಕಚೇರಿಗಳಲ್ಲೂ ಅರ್ಜಿ ಕೊಡಬಹುದು, ಆನ್‌ಲೈನ್‌ನಲ್ಲೂ ಹಾಕಬಹುದು. ಎಲ್ಲಿ ಕೊಟ್ಟರೂ ಪರೀಕ್ಷೆ ನಡೆಯುವುದು ಕೋಲ್ಕತ್ತದಲ್ಲೇ.

ಒಂದು ಮಾತು ಮೊದಲೇ ತಿಳಿದಿರಲಿ. ಪೇಟೆಂಟಿನಲ್ಲಿ ಹಕ್ಕಿನ ಗಡಿ ಬರೆಯುವುದು ವಾಕ್ಯಗಳಲ್ಲಿ. ವಿನ್ಯಾಸದಲ್ಲಿ ಆ ಗಡಿ ಹಾಕುವುದು ಚಿತ್ರ. ಕಚೇರಿ ವರ್ಗೀಕರಿಸುವುದು, ಹೋಲಿಸುವುದು, ಪ್ರಕಟಿಸುವುದು, ಮುಂದೆ ನ್ಯಾಯಾಲಯ ಎದುರಿಗೆ ಇಟ್ಟುಕೊಳ್ಳುವುದು ಎಲ್ಲ ನೀವು ಕೊಟ್ಟ ಚಿತ್ರವನ್ನೇ. ಹಾಗಿದ್ದೂ ಹೆಚ್ಚಿನವರು ಫಾರಂ ತುಂಬುವುದಕ್ಕೆ ತಲೆ ಕೆಡಿಸಿಕೊಂಡು, ಫೋಟೊವನ್ನು ಕೊನೆಯ ಗಳಿಗೆಯಲ್ಲಿ ಮೊಬೈಲಿನಲ್ಲಿ ತೆಗೆಯುತ್ತಾರೆ.

ಹಂತ 1: ಇದು ವಿನ್ಯಾಸವೇ?

ಆಕಾರ, ರಚನೆ, ಚಿತ್ತಾರ, ಅಲಂಕಾರ, ಗೆರೆ ಅಥವಾ ಬಣ್ಣಗಳ ಜೋಡಣೆ ಒಂದು ವಸ್ತುವಿನ ಮೇಲೆ ಮೂಡಿರಬೇಕು. ತಯಾರಾದ ವಸ್ತುವನ್ನು ಕಣ್ಣಿನಿಂದ ನೋಡಿಯೇ ಅದನ್ನು ಅಳೆಯುವಂತಿರಬೇಕು. ಗಿಲಕಿಯೊಳಗಿನ ಮಣಿ ಸದ್ದು ಮಾಡುವ ಬಗೆ ಇದರಲ್ಲಿ ಬರುವುದಿಲ್ಲ, ಏಕೆಂದರೆ ಅದು ಯಾಂತ್ರಿಕ ಕ್ರಿಯೆ. ಟ್ರೇಡ್‌ಮಾರ್ಕ್, ಕಟ್ಟಡ, ಕ್ಯಾಲೆಂಡರ್, ಶುಭಾಶಯ ಪತ್ರ, ಲೇಬಲ್ ಇವೂ ಬರುವುದಿಲ್ಲ. ವಸ್ತುವಿನ ಒಂದು ಭಾಗಕ್ಕೆ ಮಾತ್ರ ನೋಂದಣಿ ಬೇಕಿದ್ದರೆ ಆ ಭಾಗವನ್ನು ಬೇರೆಯಾಗಿ ತಯಾರಿಸಿ ಮಾರಲು ಬರಬೇಕು. ಕಡೆಯುವಾಗ ಒಂದೇ ತುಂಡಾಗಿ ಬರುವ ಹಿಡಿಗೆ ಪ್ರತ್ಯೇಕ ಅರ್ಜಿ ನಿಲ್ಲುವುದಿಲ್ಲ.

ಚಿತ್ರ ಬರೆದವರಿಗೆ ಹೇಗೂ ಕೃತಿಸ್ವಾಮ್ಯ ಇರುತ್ತದೆ ಎಂದು ಸುಮ್ಮನೆ ಕೂರುವವರಿಗೆ ಒಂದು ಎಚ್ಚರಿಕೆ. ನೋಂದಣಿಗೆ ಅರ್ಹವಾಗಿದ್ದೂ ನೋಂದಣಿಯಾಗದ ವಿನ್ಯಾಸವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಅದರ ಕೃತಿಸ್ವಾಮ್ಯ ಮುಗಿಯುತ್ತದೆ ಎನ್ನುತ್ತದೆ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 15. ಆಟಿಕೆ ಘಟಕಕ್ಕೆ 50 ಗಿಲಕಿ ಏನು ಲೆಕ್ಕ?

ಹಂತ 2: ಇರುವುದನ್ನು ಹುಡುಕಿ

ಕಂಟ್ರೋಲರ್ ಜನರಲ್ ಕಚೇರಿಯ ಜಾಲತಾಣವಾದ ಐಪಿ ಇಂಡಿಯಾದಲ್ಲಿ ನೋಂದಾಯಿತ ವಿನ್ಯಾಸಗಳ ಸಾರ್ವಜನಿಕ ಶೋಧ ಪುಟವಿದೆ. ಇಲ್ಲಿ ಪದ ಹಾಕಿ ಹುಡುಕುವುದನ್ನೇ ನಂಬಬೇಡಿ. ವಸ್ತುವಿನ ಹೆಸರು ಅರ್ಜಿದಾರರು ಬರೆದುಕೊಟ್ಟಂತೆ ಇರುತ್ತದೆ. ಒಬ್ಬರು ‘ಬೇಬಿ ರ್‍ಯಾಟಲ್’ ಎಂದು ಬರೆದರೆ ಇನ್ನೊಬ್ಬರು ಬರೀ ‘ಟಾಯ್’ ಎಂದಿರುತ್ತಾರೆ. ಹಾಗಾಗಿ ವರ್ಗದ ಮೂಲಕ ಹೋಗಿ.

ವರ್ಗಗಳು ಲೊಕಾರ್ನೊ ವರ್ಗೀಕರಣದವು, ಅಂದರೆ ವಿನ್ಯಾಸದ ವಸ್ತುಗಳನ್ನು ವಿಂಗಡಿಸಲು ದೇಶಗಳು ಒಪ್ಪಂದ ಮಾಡಿಕೊಂಡು ಬಳಸುವ ಪದ್ಧತಿಯವು. ಭಾರತ ಈ ಒಪ್ಪಂದ ಸೇರಿದ್ದು 2019ರಲ್ಲಿ. 2021ರ ನಿಯಮ ತಿದ್ದುಪಡಿಯ ನಂತರ ನಮ್ಮ ಕಚೇರಿಯೂ ಅದನ್ನೇ ಅನುಸರಿಸುತ್ತಿದೆ. ಒಟ್ಟು 32 ವರ್ಗಗಳು, ಅವುಗಳಡಿ ಉಪವರ್ಗಗಳು. ಆಟಿಕೆ 21-01, ಬಾಟಲಿ 09-01, ಆಸನ 06-01, ಪಾದರಕ್ಷೆ 02-04, ಬಟ್ಟೆ 05-05. ವರ್ಗ ನಿರ್ಧಾರವಾಗುವುದು ವಸ್ತುವಿನ ಬಳಕೆಯ ಮೇಲೆ, ಅದು ಮರವೋ ಉಕ್ಕೋ ಎಂಬುದರ ಮೇಲಲ್ಲ. 1911ರ ಹಳೆಯ ಕಾಯ್ದೆಯಡಿ ವರ್ಗ ವಿಂಗಡಣೆ ಇದ್ದದ್ದೇ ವಸ್ತು ಯಾವುದರಿಂದ ಆಗಿದೆ ಎಂಬುದರ ಮೇಲೆ. ಹಳೆಯ ದಾಖಲೆ ನೋಡುವಾಗ ಈ ವ್ಯತ್ಯಾಸ ನೆನಪಿರಲಿ. ಅವುಗಳ ಅವಧಿ ಮುಗಿದಿದ್ದರೂ ನೋಡಬೇಕೇ ಎಂದರೆ, ಹೌದು. ಮುಗಿದ ವಿನ್ಯಾಸ ಯಾರ ಸ್ವತ್ತೂ ಅಲ್ಲದಿರಬಹುದು, ಆದರೆ ಅದೇ ಆಕಾರ ನಿಮ್ಮದಾಗಿದ್ದರೆ ನಿಮ್ಮದು ಹೊಸತಲ್ಲ ಎನ್ನಲು ಅಷ್ಟೇ ಸಾಕು.

ಹೊಸತನವನ್ನು ನೋಡುವುದು ಭಾರತಕ್ಕಷ್ಟೇ ಅಲ್ಲ, ಎಲ್ಲ ದೇಶಗಳಿಗೂ ಸೇರಿಸಿ. ಅದಕ್ಕಾಗಿ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ ಜಾಗತಿಕ ವಿನ್ಯಾಸ ದತ್ತಸಂಚಯವನ್ನೂ ಜಾಲಾಡಿ. ಜಪಾನಿ, ಚೀನೀ ಭಾಷೆಯ ದಾಖಲೆ ಎದುರಾದರೆ ಗಾಬರಿ ಬೇಡ. ವಿವರಗಳ ಪಕ್ಕ ಆವರಣದಲ್ಲಿರುವ ಅಂಕಿಗಳನ್ನು ನೋಡಿದರೆ ದಾರಿ ಸಿಗುತ್ತದೆ: 11 ನೋಂದಣಿ ಸಂಖ್ಯೆ, 22 ಅರ್ಜಿ ದಿನಾಂಕ, 51 ಲೊಕಾರ್ನೊ ವರ್ಗ, 54 ವಸ್ತುವಿನ ಹೆಸರು, 73 ಮಾಲೀಕರು. ಇವನ್ನು ಬಳಸುವ ಕಚೇರಿಗಳಲ್ಲೆಲ್ಲ ಅರ್ಥ ಒಂದೇ.

ಹುಡುಕಿ ಏನೂ ಸಿಗದಿದ್ದರೂ ಪೂರ್ತಿ ನಿಶ್ಚಿಂತೆ ಬೇಡ. ಭಾರತದಲ್ಲಿ ವಿನ್ಯಾಸ ಪ್ರಕಟವಾಗುವುದು ನೋಂದಣಿಯಾದ ಮೇಲೆ. ಬಾಕಿ ಇರುವ ಅರ್ಜಿಯ ಚಿತ್ರ ಹೊರಗಿನವರಿಗೆ ಕಾಣುವುದಿಲ್ಲ. ಇದರ ಜೊತೆಗೆ ವಿದೇಶದಲ್ಲಿ ಮೊದಲು ಅರ್ಜಿ ಹಾಕಿದವರು ಆರು ತಿಂಗಳೊಳಗೆ ಇಲ್ಲಿ ಹಾಕಿ ಆ ಹಿಂದಿನ ದಿನಾಂಕವನ್ನೇ ಪಡೆಯಬಹುದು.

ಹಂತ 3: ಅರ್ಜಿ ಹಾಕುವವರೆಗೆ ತೋರಿಸಬೇಡಿ

ಅತಿ ಹೆಚ್ಚು ನಷ್ಟವಾಗುವುದು ಇಲ್ಲಿ. ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ ಒಂದು ಫೋಟೊ, ವಾಟ್ಸ್‌ಆ್ಯಪ್‌ನಲ್ಲಿ ಡೀಲರ್‌ಗಳಿಗೆಲ್ಲ ಕಳುಹಿಸಿದ ಕ್ಯಾಟಲಾಗ್, ಮಾರಿದ ಮೊದಲ ಡಜನ್, ಇವು ನಿಮ್ಮ ಹೊಸತನವನ್ನು ನೀವೇ ಕಳೆದುಕೊಳ್ಳುವ ದಾರಿಗಳು. ಗುಟ್ಟಾಗಿ ಒಪ್ಪಿಸಿದ್ದನ್ನು ಇನ್ನೊಬ್ಬರು ನಂಬಿಕೆ ಕೆಡಿಸಿ ಬಯಲು ಮಾಡಿದರೆ ಕಾಯ್ದೆ ರಕ್ಷಣೆ ಕೊಡುತ್ತದೆ. ಆದರೆ ಗುಟ್ಟಾಗಿ ಕೊಟ್ಟಿದ್ದಕ್ಕೆ ಬರಹದ ಸಾಕ್ಷಿ ಇರಬೇಕು.

ಮೇಳದಲ್ಲಿ ಇಡಬಹುದೇ? ವಿನ್ಯಾಸ ಕಾಯ್ದೆಯ ಸೆಕ್ಷನ್ 21 ವಿನಾಯಿತಿ ಕೊಡುತ್ತದೆ, ಮೂರು ಷರತ್ತಿನ ಮೇಲೆ: ಆ ಪ್ರದರ್ಶನ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ್ದಾಗಿರಬೇಕು, ಇಡುವ ಮುನ್ನವೇ ಕಂಟ್ರೋಲರ್‌ಗೆ ಸೂಚನೆ ಕೊಟ್ಟಿರಬೇಕು, ಮೊದಲ ಪ್ರದರ್ಶನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಊರ ಜಾತ್ರೆ, ಮಾಲ್‌ನ ಮಳಿಗೆಗೆ ಇದು ಅನ್ವಯಿಸುವುದಿಲ್ಲ. ಮೊದಲು ಅರ್ಜಿ, ಮಾರನೆಯ ದಿನ ಮೇಳ. ಇದಕ್ಕಿಂತ ಸುಲಭದ ಉಪಾಯವಿಲ್ಲ.

ಹಂತ 4: ಚಿತ್ರದ ಹಾಳೆ

ಎ4 ಹಾಳೆಯಲ್ಲಿ ಮುಂಭಾಗ, ಹಿಂಭಾಗ, ಎಡ, ಬಲ, ಮೇಲ್ಭಾಗ, ತಳ, ಜೊತೆಗೆ ಒಂದು ಓರೆನೋಟ, ಹೀಗೆ ಏಳು ನೋಟ ಕೊಡುವುದು ರೂಢಿ. ಪ್ರತಿ ಚಿತ್ರದ ಕೆಳಗೆ ಅದು ಯಾವ ನೋಟ ಎಂದು ಬರೆಯಬೇಕು. ಫೋಟೊ ಆಗಬಹುದು, ಗೆರೆಚಿತ್ರವೂ ಆಗಬಹುದು. ಒಂದು ಅರ್ಜಿಯಲ್ಲಿ ಯಾವುದಾದರೂ ಒಂದನ್ನೇ ಇಟ್ಟುಕೊಳ್ಳಿ.

ಗಿಲಕಿಯ ಫೋಟೊ ತೆಗೆಯುವಾಗ ಹಿಂದೆ ಬಿಳಿ ಹಾಳೆ, ಎರಡೂ ಕಡೆಯಿಂದ ಸಮನಾದ ಬೆಳಕು. ಅರಗಿನ ಹೊಳಪು ಇಲ್ಲಿ ತೊಂದರೆ ಕೊಡುತ್ತದೆ. ಹೊಳೆವ ಬಿಳಿ ಚುಕ್ಕೆ ಬಳೆಗಳ ನಡುವಿನ ಗೀರನ್ನು ನುಂಗಿಬಿಟ್ಟರೆ ಮೂರು ಬಳೆ ಎರಡಾಗಿ ಕಾಣುತ್ತದೆ, ಓರೆನೋಟದಲ್ಲಿ ಮತ್ತೆ ಮೂರಾಗುತ್ತದೆ. ನೋಟಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂಬ ಆಕ್ಷೇಪಣೆ ಬರುವುದು ಹೀಗೆ. ಬೆಳಕಿಗೆ ತೆಳುವಾದ ಬಿಳಿ ಬಟ್ಟೆ ಅಡ್ಡ ಕಟ್ಟಿ. ಏಳೂ ನೋಟಕ್ಕೆ ಒಂದೇ ಗಿಲಕಿಯನ್ನು ಬಳಸಿ. ಕೈಯಲ್ಲಿ ಕಡೆದ ಎರಡು ಗಿಲಕಿಗಳು ಎಂದೂ ಒಂದೇ ಅಳತೆಯಲ್ಲಿರುವುದಿಲ್ಲ.

ಅಳತೆಯ ಅಂಕಿ, ಬಾಣದ ಗುರುತು, ಭಾಗಗಳ ಹೆಸರು, ಅಕ್ಷದ ಚುಕ್ಕೆಗೆರೆ ಇರಕೂಡದು. ಎಂಜಿನಿಯರಿಂಗ್ ಡ್ರಾಯಿಂಗನ್ನು ಹಾಗೇ ಅಂಟಿಸಿದವರಿಗೆ ಅದು ವಾಪಸು ಬರುವುದು ಖಂಡಿತ.

ಇನ್ನು ಬಣ್ಣ. ಹೆಚ್ಚಿನವರು ಯೋಚಿಸದೆ ಸೋಲುವ ಜಾಗ ಇದು. ಕೆಂಪು, ಹಳದಿ, ಹಸಿರು ಪಟ್ಟಿಯ ಗಿಲಕಿಯ ಫೋಟೊ ಕೊಟ್ಟು ಹೊಸತನ ಚಿತ್ತಾರದಲ್ಲೂ ಇದೆ ಎಂದು ಬರೆದರೆ, ಎದುರಾಳಿ ಪಟ್ಟಿ ಬದಲಿಸಿ ನುಣುಚಿಕೊಳ್ಳಲು ನೋಡುತ್ತಾರೆ. ನಿಜವಾದ ಹೊಸತನ ಆಕಾರದಲ್ಲಿದ್ದರೆ ಅರಗು ಹಾಕದ ಬೋಳು ಗಿಲಕಿಯ ಚಿತ್ರ ಕೊಡಿ. ಹಾಳೆಯ ಮೇಲಿನ ಹೊಸತನದ ಹೇಳಿಕೆ ಒಂದೇ ಸಾಲು: ‘ಚಿತ್ರದಲ್ಲಿ ತೋರಿಸಿರುವ ಗಿಲಕಿಯ ಆಕಾರ ಮತ್ತು ರಚನೆಯಲ್ಲಿ ಹೊಸತನವಿದೆ.’ ಅದರ ಕೆಳಗೆ ಹಕ್ಕುನಿರಾಕರಣೆ: ಯಾಂತ್ರಿಕ ಕ್ರಿಯೆಯ ಮೇಲಾಗಲಿ, ತಯಾರಿಕೆಯ ವಿಧಾನದ ಮೇಲಾಗಲಿ ಹಕ್ಕು ಕೇಳುತ್ತಿಲ್ಲ. ವಸ್ತುವಿನ ಮೇಲೆ ಹೆಸರು, ಲೋಗೊ ಕಾಣುತ್ತಿದ್ದರೆ ಅದಕ್ಕೂ ಇಂಥದೇ ಸಾಲು ಬೇಕು.

ಹಂತ 5: ಫಾರಂ 1, ಶುಲ್ಕ

ಅರ್ಜಿ ಹಾಕುವುದು ಫಾರಂ 1ರಲ್ಲಿ. ಅದರ ಶುಲ್ಕ ವ್ಯಕ್ತಿ, ಸ್ಟಾರ್ಟಪ್, ಸಣ್ಣ ಘಟಕಕ್ಕೆ 1,000 ರೂಪಾಯಿ, ಉಳಿದವರಿಗೆ 4,000 ರೂಪಾಯಿ. ಸಣ್ಣ ಘಟಕ ಅಥವಾ ಸ್ಟಾರ್ಟಪ್ ಎಂದು ಹೇಳಿಕೊಳ್ಳುವವರು ಫಾರಂ 24ರ ಜೊತೆ ದಾಖಲೆ ಲಗತ್ತಿಸಬೇಕು. ಏಜೆಂಟ್ ಕಡ್ಡಾಯವಲ್ಲ. ಇಟ್ಟುಕೊಂಡರೆ ಅಧಿಕಾರಪತ್ರ ಬೇಕು.

ಅರ್ಜಿ ಯಾರ ಹೆಸರಿನಲ್ಲಿ? ಹಣ ಕೊಟ್ಟು ವಿನ್ಯಾಸ ಮಾಡಿಸಿದ್ದರೆ ಮಾಡಿಸಿಕೊಂಡವರೇ ಮಾಲೀಕರು. ಆದರೂ ಡಿಸೈನರ್ ಜೊತೆಗಿನ ಒಪ್ಪಂದ ಬರಹದಲ್ಲಿರಲಿ.

ಒಂದು ಅರ್ಜಿಗೆ ಒಂದೇ ವರ್ಗ. ಇದೇ ಆಕಾರದಲ್ಲಿ ದೀಪ ಮಾಡುವ ಯೋಚನೆಯಿದ್ದರೆ ವರ್ಗ 26ರಲ್ಲಿ ಬೇರೆ ಅರ್ಜಿ ಬೇಕು. ಎರಡನ್ನೂ ಒಂದೇ ದಿನ ಹಾಕಿ, ಇಲ್ಲದಿದ್ದರೆ ನಿಮ್ಮ ಮೊದಲ ನೋಂದಣಿಯೇ ಎರಡನೆಯದಕ್ಕೆ ಅಡ್ಡ ಬರಬಹುದು.

ಹಂತ 6: ಕಚೇರಿಯೊಳಗೆ

ಪರೀಕ್ಷೆಗೆ ಪ್ರತ್ಯೇಕ ಕೋರಿಕೆ ಬೇಡ. ಪರೀಕ್ಷಕರು ವರ್ಗ, ಚಿತ್ರ, ಹೊಸತನ ನೋಡಿ ಆಕ್ಷೇಪಣೆ ಇದ್ದರೆ ಕಳುಹಿಸುತ್ತಾರೆ. ಇಲ್ಲಿ ಗಡಿಯಾರ ಓಡುವುದು ಆಕ್ಷೇಪಣೆ ಕೈಸೇರಿದ ದಿನದಿಂದಲ್ಲ. ಅರ್ಜಿ ಹಾಕಿದ ದಿನದಿಂದ ಆರು ತಿಂಗಳೊಳಗೆ ಎಲ್ಲ ಸರಿಯಾಗಬೇಕು. ಅಷ್ಟರೊಳಗೆ ಕೇಳಿ ಶುಲ್ಕ ಕಟ್ಟಿದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಅದೂ ಮುಗಿದರೆ ಅರ್ಜಿ ಕೈಬಿಟ್ಟಂತೆ. ಆಕ್ಷೇಪಣೆ ಬರುವುದು ಇಮೇಲ್‌ಗೆ, ಅಂಗಡಿಯ ಹುಡುಗನ ಇಮೇಲ್ ಕೊಟ್ಟು ಮರೆತವರು ಅರ್ಜಿ ಕಳೆದುಕೊಂಡಿದ್ದಾರೆ. ಒಪ್ಪದಿದ್ದರೆ ವಿಚಾರಣೆ ಕೇಳಬಹುದು. ಕಂಟ್ರೋಲರ್ ತಿರಸ್ಕರಿಸಿದರೆ ಹೈಕೋರ್ಟಿಗೆ ಮೇಲ್ಮನವಿ.

ಒಪ್ಪಿಗೆಯಾದರೆ ವಿನ್ಯಾಸ ರಿಜಿಸ್ಟರ್‌ಗೆ ಏರುತ್ತದೆ, ಪ್ರಮಾಣಪತ್ರ ಬರುತ್ತದೆ, ಪೇಟೆಂಟ್ ಕಚೇರಿಯ ವಾರದ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಶುಕ್ರವಾರ ಹೊರಬರುವ ಈ ಜರ್ನಲ್‌ನಲ್ಲಿ ಒಂದೊಂದು ವಿನ್ಯಾಸಕ್ಕೂ ಒಂದು ಚೌಕ: ಸಂಖ್ಯೆ, ವರ್ಗ, ಮಾಲೀಕರ ಹೆಸರು ವಿಳಾಸ, ನೋಂದಣಿ ದಿನಾಂಕ, ವಸ್ತುವಿನ ಹೆಸರು, ಒಂದು ಚಿತ್ರ. ನೋಂದಣಿ ದಿನಾಂಕ ಎಂದರೆ ಅರ್ಜಿ ಹಾಕಿದ ದಿನಾಂಕ, ಕಚೇರಿ ಒಪ್ಪಿದ ದಿನವಲ್ಲ. ಸ್ಪರ್ಧಿಗಳ ಹೊಸ ಮಾಲು ಏನೆಂದು ತಿಳಿಯಬೇಕಾದವರಿಗೆ ಈ ಪುಟಗಳನ್ನು ವಾರವಾರ ತಿರುವುವುದಕ್ಕಿಂತ ಅಗ್ಗದ ದಾರಿಯಿಲ್ಲ.

ಹಂತ 7: ದಾಖಲೆಯನ್ನು ಜೀವಂತ ಇಡಿ

ಹಕ್ಕು 10 ವರ್ಷ. ಅದು ಮುಗಿಯುವ ಮೊದಲೇ ಫಾರಂ 3 ಹಾಕಿದರೆ ಇನ್ನೂ 5 ವರ್ಷ. ಶುಲ್ಕ ಸಣ್ಣವರಿಗೆ 2,000, ಉಳಿದವರಿಗೆ 8,000 ರೂಪಾಯಿ. ಹತ್ತು ವರ್ಷ ಕಾಯಬೇಕಿಲ್ಲ, ನಡುವೆ ಯಾವಾಗ ಬೇಕಾದರೂ ಕಟ್ಟಬಹುದು. ಮರೆತು ಹಕ್ಕು ಬಿದ್ದುಹೋದರೆ ಒಂದು ವರ್ಷದೊಳಗೆ ಫಾರಂ 4ರಲ್ಲಿ ಕಾರಣ ಕೊಟ್ಟು ಮರಳಿ ಕೇಳಬಹುದು. 15 ವರ್ಷದ ಮೇಲೆ ಯಾವ ದಾರಿಯೂ ಇಲ್ಲ.

ವಿನ್ಯಾಸವನ್ನು ಮಾರಿದರೆ ಬರಹದ ಕರಾರನ್ನು ಆರು ತಿಂಗಳೊಳಗೆ ಕಚೇರಿಗೆ ಕೊಟ್ಟು ರಿಜಿಸ್ಟರ್‌ನಲ್ಲಿ ಹೆಸರು ಬದಲಿಸಬೇಕು, ಕೋರಿಕೊಂಡರೆ ಇನ್ನೂ ಆರು ತಿಂಗಳು ಸಿಗಬಹುದು. ತಂದೆಯ ಹೆಸರಿನಿಂದ ಮಗನ ಕಂಪನಿಗೆ ಹೋದದ್ದೂ ಇದರಲ್ಲೇ ಬರುತ್ತದೆ.

ಮಾಲಿನ ಮೇಲೆ ‘ರಿಜಿಸ್ಟರ್ಡ್’ ಎಂದೋ ಅದರ ಸಂಕ್ಷೇಪವೋ, ಜೊತೆಗೆ ನೋಂದಣಿ ಸಂಖ್ಯೆಯನ್ನೂ ಹಾಕಿ. ಗುರುತಿಲ್ಲದೆ ಮಾರಿದರೆ ನಕಲು ಸಿಕ್ಕಾಗ ಪರಿಹಾರ ಕೇಳುವುದು ಕಷ್ಟ. ನಕಲು ಮಾಡಿದವರಿಂದ ಪ್ರತಿ ಉಲ್ಲಂಘನೆಗೆ 25,000 ರೂಪಾಯಿವರೆಗೆ, ಒಂದು ವಿನ್ಯಾಸಕ್ಕೆ ಒಟ್ಟು 50,000 ರೂಪಾಯಿ ಮೀರದಂತೆ ವಸೂಲಿ ಮಾಡಬಹುದು, ಇಲ್ಲವೇ ನಷ್ಟಪರಿಹಾರ ಮತ್ತು ತಡೆಯಾಜ್ಞೆಗೆ ದಾವೆ ಹೂಡಬಹುದು. ಆ ಮೊತ್ತ ನೋಡಿದರೆ ಹೆಚ್ಚಿನವರಿಗೆ ನಿಜಕ್ಕೂ ಬೇಕಾಗುವುದು ತಡೆಯಾಜ್ಞೆಯೇ. ದಾವೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ನಡೆಯುವುದಿಲ್ಲ. ಎದುರಾಳಿ ಮೊದಲು ಮಾಡುವ ಕೆಲಸ ನಿಮ್ಮದಕ್ಕಿಂತ ಹಳೆಯ ಚಿತ್ರವೊಂದನ್ನು ಹುಡುಕಿ, ಸೆಕ್ಷನ್ 19ರಡಿ ನೋಂದಣಿ ರದ್ದತಿ ಕೇಳುವುದು.

ಇತರರ ವಿನ್ಯಾಸ ಜೀವಂತವಿದೆಯೇ ಎಂದು ತಿಳಿಯಬೇಕೇ? ಸೆಕ್ಷನ್ 18ರ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ಕಂಟ್ರೋಲರ್‌ರನ್ನು ಕೇಳಬಹುದು. ಸಂಖ್ಯೆ ಗೊತ್ತಿಲ್ಲದಿದ್ದರೆ ವಿನ್ಯಾಸವನ್ನು ಗುರುತಿಸಲು ಬೇಕಾದ ವಿವರ ಕೊಟ್ಟರಾಯಿತು. ನೋಂದಣಿ ಇದೆಯೋ ಇಲ್ಲವೋ, ಯಾವ ವರ್ಗ, ಯಾವ ದಿನಾಂಕ, ಮಾಲೀಕರು ಯಾರು, ಎಲ್ಲಿಯವರು ಎಂಬ ಉತ್ತರ ಬರುತ್ತದೆ. ಪೀಣ್ಯದಲ್ಲಿ ಅಚ್ಚು ಮಾಡುವವರು ಗಿರಾಕಿ ತಂದ ಮಾದರಿಗೆ ಉಕ್ಕು ಕೊರೆಯುವ ಮುನ್ನ ಇದನ್ನು ಕೇಳುವುದು ಲೇಸು. ಅವಧಿ ಮುಗಿದಿದೆ ಎಂಬ ಉತ್ತರ ಬಂದರೆ ಆ ಆಕಾರವನ್ನು ಬಳಸಬಹುದು, ಆದರೆ ಅದರ ಮೇಲಿದ್ದ ಬ್ರ್ಯಾಂಡ್ ಹೆಸರನ್ನಲ್ಲ.