ಒರೆಗಲ್ಲು ಹಿಡಿದು ಇಂಗ್ಲಿಷ್ ಕಲಿತಿದ್ದು

ಎಸ್‌ಎಸ್‌ಸಿ ಸಿಜಿಎಲ್ (ಕೇಂದ್ರ ಸರ್ಕಾರದ ನೌಕರಿಯ) ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ. ತಪ್ಪಿದರೆ ಅರ್ಧ ಅಂಕ ಕಟ್. ಅದರಲ್ಲಿ ನುಡಿಗಟ್ಟಿನ ಪ್ರಶ್ನೆ ಬಂದರೆ ಕನ್ನಡ ಮಾಧ್ಯಮದವರಿಗೆ ಎದೆ ಢವಢವ. ಅದೂ ಸುಳ್ಳು, ಸೋಗು, ಮೋಸದ ಸುತ್ತ ಇರುವ ಮಾತುಗಳಾದರೆ ಮುಗಿದೇ ಹೋಯಿತು. ನಾಲ್ಕೂ ಉತ್ತರ ಒಂದೇ ಥರ ಕಾಣುತ್ತವೆ. ಪಟ್ಟಿ ಬಾಯಿಪಾಠ ಮಾಡಿದರೆ ಸ್ವಲ್ಪ ದಿನಕ್ಕೆ ಎಲ್ಲ ಕಲಸಿಹೋಗುತ್ತದೆ.

ನಮ್ಮದು ಕಲಬುರಗಿಯ ಪತ್ತಾರ ಮನೆತನ, ಅಂದರೆ ಬಂಗಾರದ ಕೆಲಸದವರು. ಸಂಜೆ ಅಪ್ಪನ ಜೊತೆ ಅಂಗಡಿಯಲ್ಲಿ ಕೂರುತ್ತೇನೆ. ಈ ಮಾತುಗಳಲ್ಲಿ ಎಷ್ಟೋ ನಮ್ಮ ಕಸುಬಿನಿಂದಲೇ ಹುಟ್ಟಿದವು ಅಂತ ಗೊತ್ತಾದ ಮೇಲೆ ಪಟ್ಟಿ ಬಿಟ್ಟೆ. ಒಂದೊಂದು ಮಾತಿನ ಹಿಂದೆ ಯಾವ ಪರೀಕ್ಷೆ ಇದೆ ಎಂದು ಹುಡುಕುತ್ತಾ ಹೋದೆ.

ಆ್ಯಸಿಡ್ ಟೆಸ್ಟ್ ತಗೊಳ್ಳಿ. ಯಾರಾದರೂ ಹಳೇ ಸರ ತಂದರೆ ಅಪ್ಪ ಹೇಳುವುದು ಒಂದೇ: "ತಮ್ಮಾ, ಒರೆ ಹಚ್ಚಿ ನೋಡು." ಕಪ್ಪು ಕಲ್ಲಿನ ಮೇಲೆ ಉಜ್ಜಿದರೆ ಹಳದಿ ಗೆರೆ ಬೀಳುತ್ತದೆ. ಅದರ ಮೇಲೆ ಒಂದು ಹನಿ ನೈಟ್ರಿಕ್ ಆ್ಯಸಿಡ್. ಹಿತ್ತಾಳೆಯಾದರೆ ಗೆರೆ ಕರಗಿ ಮಾಯ. ಬಂಗಾರವಾದರೆ ಹಾಗೇ ಉಳಿಯುತ್ತದೆ. ಇಂಗ್ಲಿಷಿನಲ್ಲೂ ಅಷ್ಟೇ, ನಿಜವಾದ ಗುಣ ತೋರಿಸುವ ಕೊನೆಯ ಪರೀಕ್ಷೆಗೇ ಈ ಮಾತು. ಸಣ್ಣಪುಟ್ಟ ಕಷ್ಟಕ್ಕೆ ಬಳಸುವುದಿಲ್ಲ. ಟಚ್‌ಸ್ಟೋನ್ ಅಂದರೆ ಆ ಕಲ್ಲೇ. ನಾವೂ ಮನುಷ್ಯರನ್ನು 'ಒರೆಗೆ ಹಚ್ಚುತ್ತೇವೆ', ಅಲ್ವಾ?

ರಿಂಗ್ ಟ್ರೂ ಬಂದಿದ್ದು ನಾಣ್ಯದಿಂದ. ಹಿಂದೆ ಬೆಳ್ಳಿ ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಿ ಕೇಳುತ್ತಿದ್ದರು. ಖಣ್ ಅಂದರೆ ಅಸಲಿ, ಸೀಸ ಸೇರಿದ್ದರೆ ಮಂದ ಸದ್ದು. ಹಾಗಾಗಿ ಇದು ಕೇಳುವ ವಿಷಯಕ್ಕೇ ಜಾಸ್ತಿ ಒಪ್ಪುತ್ತದೆ: ಒಂದು ನೆಪ, ಒಂದು ಹೇಳಿಕೆ, ಒಂದು ಕಥೆ. 'ಹಿಸ್ ಎಕ್ಸ್‌ಕ್ಯೂಸ್ ಡಿಡ್ ನಾಟ್ ರಿಂಗ್ ಟ್ರೂ' ಅಂದರೆ ಅವನ ನೆಪ ನಿಜ ಅನ್ನಿಸಲಿಲ್ಲ ಅಂತ.

ಫೇಸ್ ವ್ಯಾಲ್ಯೂ ಕೂಡ ನಾಣ್ಯ, ನೋಟಿನದೇ. ಮೇಲೆ ಅಚ್ಚಾದ ಬೆಲೆ. ಟೇಕ್ ಅಟ್ ಫೇಸ್ ವ್ಯಾಲ್ಯೂ ಅಂದರೆ ಹೇಳಿದ್ದನ್ನು, ಕಂಡದ್ದನ್ನು ಹಾಗೇ ನಂಬಿಬಿಡುವುದು. ಮುಖ ಅಂದ ಕೂಡಲೇ 'ಮುಖ ನೋಡಿ ಮಣೆ ಹಾಕು' ನೆನಪಾಗುತ್ತದೆ. ಆ ದಾರಿ ಹಿಡಿಯಬೇಡಿ, ಅದು ಪಕ್ಷಪಾತದ ಮಾತು.

ನನಗೆ ತುಂಬಾ ಇಷ್ಟವಾದದ್ದು ಹಾಲ್‌ಮಾರ್ಕ್. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲಿ ಒಡವೆ ಪರೀಕ್ಷಿಸಿ ಒತ್ತುತ್ತಿದ್ದ ಗುರುತು ಅದು, 1478ರಿಂದ ಬಂದ ಪದ್ಧತಿ. ನಮ್ಮಲ್ಲಿ ಕಡ್ಡಾಯ ಹಾಲ್‌ಮಾರ್ಕಿಂಗ್ ಶುರುವಾಗಿದ್ದು 2021ರ ಜೂನ್‌ನಲ್ಲಿ. ಈಗ ಗಿರಾಕಿಗಳೇ ಒಡವೆ ಮೇಲೆ ಒತ್ತಿದ ಹಾಲ್‌ಮಾರ್ಕ್ ಸಂಖ್ಯೆ ಹುಡುಕುತ್ತಾ "ಆರು ಅಕ್ಷರದ ನಂಬರ್ ಎಲ್ಲೈತ್ರಿ?" ಅಂತ ಕೇಳುತ್ತಾರೆ. ಮಜಾ ಏನಂದ್ರೆ, ಶುದ್ಧತೆಯ ಈ ಗುರುತನ್ನು ಇಂಗ್ಲಿಷಿನವರು ಮೋಸಕ್ಕೂ ಹಚ್ಚುತ್ತಾರೆ. 'ಇಟ್ ಹ್ಯಾಸ್ ಆಲ್ ದಿ ಹಾಲ್‌ಮಾರ್ಕ್ಸ್ ಆಫ್ ಎ ಸ್ಕ್ಯಾಮ್' ಅಂದರೆ ಮೋಸದ ಎಲ್ಲ ಲಕ್ಷಣವೂ ಇದೆ ಅಂತ. ಹಾಲ್‌ಮಾರ್ಕ್ ಕಂಡ ಕೂಡಲೇ 'ಉತ್ತಮ ಗುಣ' ಎಂಬ ಉತ್ತರಕ್ಕೆ ಟಿಕ್ ಹಾಕಿದರೆ ಕೆಟ್ಟಿರಿ.

ನಕಲಿಗೆ ಪಿಂಚ್‌ಬೆಕ್ ಎಂಬ ಪದವೂ ಇದೆ. ಕ್ರಿಸ್ಟೋಫರ್ ಪಿಂಚ್‌ಬೆಕ್ ಲಂಡನ್ನಿನ ಗಡಿಯಾರ ತಯಾರಕ, 1732ರಲ್ಲಿ ತೀರಿಕೊಂಡ. ತಾಮ್ರ, ಸತು ಬೆರೆಸಿ ಬಂಗಾರದಂತೆ ಕಾಣುವ ಲೋಹ ಮಾಡಿದ. ನಮ್ಮ ಬಜಾರಿನ 'ಒಂದು ಗ್ರಾಂ ಬಂಗಾರ'ದ ಅಣ್ಣ ಅನ್ನಿ. ಪರೀಕ್ಷೆಯಲ್ಲಿ ಇದು ಬರುವುದು ಅಪರೂಪ, ಆದರೂ ಬಿಡಲು ಮನಸ್ಸಾಗಲಿಲ್ಲ.

ಉಳಿದವಕ್ಕೆ ಇಷ್ಟು ಒದ್ದಾಡಬೇಕಿಲ್ಲ. ಕ್ರಾಕಡೈಲ್ ಟಿಯರ್ಸ್‌ಗೆ ನಮ್ಮ ಮೊಸಳೆ ಕಣ್ಣೀರಿದೆ. ಉಲ್ಫ್ ಇನ್ ಶೀಪ್ಸ್ ಕ್ಲೋದಿಂಗ್‌ಗೆ ಗೋಮುಖ ವ್ಯಾಘ್ರ. ಶೋ ಯುವರ್ ಟ್ರೂ ಕಲರ್ಸ್ ಹಡಗಿನ ಬಾವುಟದಿಂದ ಬಂದದ್ದು. ಕಡಲೇ ಇಲ್ಲದ ಕಲಬುರಗಿಯಲ್ಲಿ 'ಬಣ್ಣ ಬಯಲಾಯಿತು' ಅಂತ ನೆನಪಿಟ್ಟರೆ ಸಾಕು.

ಒಂದು ಎಚ್ಚರ. ಹುಟ್ಟಿನ ಕಥೆಗಳಲ್ಲೇ ನಕಲಿ ಜಾಸ್ತಿ. ಸಿನ್ಸಿಯರ್ ಅಂದರೆ ಲ್ಯಾಟಿನ್‌ನಲ್ಲಿ 'ಮೇಣವಿಲ್ಲದ್ದು', ಶಿಲ್ಪಿಗಳು ಬಿರುಕಿಗೆ ಮೇಣ ತುಂಬಿ ಮಾರುತ್ತಿದ್ದರು ಅಂತ ಒಂದು ಕಥೆ ವಾಟ್ಸಾಪಿನಲ್ಲಿ ಓಡಾಡುತ್ತದೆ. ಕಥೆ ಚೆಂದ, ಆದರೆ ದೊಡ್ಡ ನಿಘಂಟುಗಳು ಒಪ್ಪುವುದಿಲ್ಲ. ಆ ಪದದ ಮೂಲ ಲ್ಯಾಟಿನ್‌ನ ಸಿನ್ಸೆರಸ್, ಅಂದರೆ ಶುದ್ಧ, ಬೆರಕೆಯಿಲ್ಲದ್ದು. ಅದಕ್ಕೇ ಯಾವ ಕಥೆಯನ್ನೂ ನಿಘಂಟು ನೋಡದೆ ನೋಟ್ಸಿಗೆ ಇಳಿಸುವುದಿಲ್ಲ. ನೋಟ್ಸು ಅಂದರೂ ಹಳೇ ಎಸ್ಟಿಮೇಟ್ ಚೀಟಿಗಳ ಹಿಂಬದಿಯೇ. ಒಂದು ಚೀಟಿಗೆ ಒಂದು ಮಾತು, ಕೆಳಗೆ ಅಂದು ಅಂಗಡಿಯಲ್ಲಿ ನಡೆದದ್ದರ ಮೇಲೆ ನಾನೇ ಕಟ್ಟಿದ ವಾಕ್ಯ. ಅಪ್ಪ ಲೆಕ್ಕ ಹುಡುಕುವಾಗ ಅವು ಕೈಗೆ ಸಿಕ್ಕಿ ಬೈಗುಳವೂ ಬೀಳುತ್ತದೆ.